ಯಂತ್ರಶಿಲ್ಪಿ ಹೆನ್ರಿ ರಾಯ್ಸ್

ಕೀಲೆಣ್ಣೆ ಕಾಣದ ಬಂಡಿಯ ಚಕ್ರವು ಕಿರುಗುಟ್ಟತೊಡಗಿದರೆ ಅನುಭವಿಯಾದ ರೈತನು ಎತ್ತುಗಳನ್ನು ನಿಲ್ಲಿಸಿ ಇಳಿದು ನೋಡುತ್ತಾನೆ. ಸದ್ದು ಯಾವ ಚಕ್ರದಿಂದ ಬರುತ್ತಿದೆ, ಅಚ್ಚು ಒಣಗಿದೆಯೋ, ಕಡಾಣಿ ಸಡಿಲಿದೆಯೋ ಎಂಬುದು ಅವನಿಗೆ ಕಿವಿಯಿಂದಲೇ ಅರ್ಧ ತಿಳಿದಿರುತ್ತದೆ. ಬಂಡಿಯಲ್ಲಿ ಬಿಡಿಭಾಗಗಳು ಕೆಲವೇ ಆದುದರಿಂದ ಇದು ಸುಲಭ. ಮೋಟಾರು ಗಾಡಿಯಲ್ಲಾದರೋ ಸಾವಿರಾರು ಭಾಗಗಳು ಒಂದನ್ನೊಂದು ತಾಗಿ, ಉಜ್ಜಿ, ತಿರುಗಿ ಕೆಲಸ ಮಾಡುತ್ತವೆ. ಅವುಗಳ ನಡುವೆ ಹುಟ್ಟಿದ ಒಂದು ಅಪಸ್ವರದ ಮೂಲವನ್ನು ಹುಡುಕುವುದು ಬಲು ಕಷ್ಟ. ಆ ಹುಡುಕಾಟವನ್ನೇ ತನ್ನ ಬಾಳಿನ ಕಾಯಕವನ್ನಾಗಿ ಮಾಡಿಕೊಂಡವನು ಇಂಗ್ಲೆಂಡಿನ ಹೆನ್ರಿ ರಾಯ್ಸ್. ಜಗತ್ತಿಗೆಲ್ಲ ಪರಿಚಿತವಾದ ರೋಲ್ಸ್-ರಾಯ್ಸ್ ಎಂಬ ಜೋಡು ಹೆಸರಿನಲ್ಲಿ ಎರಡನೆಯದು ಅವನದು.

ಫ್ರೆಡರಿಕ್ ಹೆನ್ರಿ ರಾಯ್ಸನು 1863ನೆಯ ಇಸವಿ ಮಾರ್ಚ್ 27ರಂದು ಪೀಟರ್‌ಬರೋ ನಗರದ ಸಮೀಪದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಜೇಮ್ಸ್ ರಾಯ್ಸನು ಗುತ್ತಿಗೆಗೆ ಹಿಡಿದ ಹಿಟ್ಟಿನ ಗಿರಣಿಯನ್ನು ನಡೆಸುತ್ತಿದ್ದನು. ಐವರು ಮಕ್ಕಳಲ್ಲಿ ಹೆನ್ರಿಯೇ ಕಿರಿಯವನು. ಗಿರಣಿಯ ವ್ಯವಹಾರವು ಕೈಹತ್ತಲಿಲ್ಲ. ಸಂಸಾರವು ಲಂಡನ್ ನಗರಕ್ಕೆ ಬಂದಿತು. 1872ರಲ್ಲಿ, ಹೆನ್ರಿಗೆ ಒಂಬತ್ತು ವರ್ಷವಾಗಿದ್ದಾಗ, ತಂದೆ ತೀರಿಕೊಂಡನು. ಬಾಲಕನು ಬೀದಿಯಲ್ಲಿ ವೃತ್ತಪತ್ರಿಕೆಗಳನ್ನು ಮಾರಿದನು. ತಂತಿ ಸಂದೇಶಗಳನ್ನು ಮನೆಮನೆಗೆ ಹೊತ್ತು ತಲುಪಿಸಿದನು. ಶಾಲೆಯ ಮೆಟ್ಟಿಲನ್ನು ಅವನು ಹತ್ತಿದ್ದು ಬಹು ಸ್ವಲ್ಪ ಕಾಲ ಮಾತ್ರ.

1878ರಲ್ಲಿ ಸೋದರತ್ತೆಯೊಬ್ಬಳು ಹಣ ತೆತ್ತು ಅವನನ್ನು ಪೀಟರ್‌ಬರೋವಿನ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಯಾಗಾರದಲ್ಲಿ ಕೆಲಸ ಕಲಿಯಲು ಸೇರಿಸಿದಳು. ಹಗಲು ರೈಲು ಎಂಜಿನ್ನುಗಳ ನಡುವೆ ಕಳೆದರೆ, ಸಂಜೆ ತಾನು ತಂಗಿದ್ದ ಮನೆಯ ಯಜಮಾನನ ಪುಟ್ಟ ಕಾರ್ಯಶಾಲೆಯಲ್ಲಿ ಅರ ಹಿಡಿಯುವುದನ್ನೂ ಕಡೆಯುವ ಯಂತ್ರವನ್ನು ನಡೆಸುವುದನ್ನೂ ಅಭ್ಯಾಸ ಮಾಡುತ್ತಿದ್ದನು. ಮೂರು ವರ್ಷಗಳಲ್ಲಿ ಅತ್ತೆಯ ಹಣ ಮುಗಿಯಿತು. ಕಲಿಕೆಯೂ ಅರ್ಧಕ್ಕೆ ನಿಂತಿತು. ಲೀಡ್ಸ್ ನಗರದ ಉಪಕರಣ ತಯಾರಕರಲ್ಲಿ ವಾರಕ್ಕೆ ಹನ್ನೊಂದು ಷಿಲಿಂಗು ಕೂಲಿಗೆ ದುಡಿದನು. ಬಳಿಕ ವಿದ್ಯುದ್ದೀಪದ ಕಂಪೆನಿಯೊಂದನ್ನು ಸೇರಿ ಲಂಡನ್ನಿನಲ್ಲೂ ಲಿವರ್‌ಪೂಲಿನಲ್ಲೂ ಕೆಲಸ ಮಾಡಿದನು. ವಿದ್ಯುಚ್ಛಕ್ತಿಯು ಆಗ ಹೊಸ ವಿದ್ಯೆ. ಪದವಿಯಿಲ್ಲದವನಿಗೂ ಅದರಲ್ಲಿ ಅವಕಾಶವಿತ್ತು.

1884ರಲ್ಲಿ ರಾಯ್ಸನು ತಾನು ಕೂಡಿಟ್ಟ 20 ಪೌಂಡುಗಳನ್ನು ಹಾಕಿ, ಅರ್ನೆಸ್ಟ್ ಕ್ಲೇರ್‌ಮಾಂಟ್ ಎಂಬ ಗೆಳೆಯನೊಡನೆ ಪಾಲುಗಾರಿಕೆಯಲ್ಲಿ ಮ್ಯಾಂಚೆಸ್ಟರಿನ ಕುಕ್ ಬೀದಿಯಲ್ಲಿ ಒಂದು ಕಾರ್ಯಶಾಲೆಯನ್ನು ತೆರೆದನು. ಮೊದಲು ಮನೆಯ ವಿದ್ಯುತ್ ಗಂಟೆಗಳು, ದೀಪದ ಹಿಡಿಗಳು, ಆಮೇಲೆ ಡೈನಮೋಗಳು, ಕೊನೆಗೆ ಭಾರ ಎತ್ತುವ ವಿದ್ಯುತ್ ಕ್ರೇನುಗಳು ಅಲ್ಲಿ ತಯಾರಾದವು. ಅವನ ಡೈನಮೋಗಳು ಕಿಡಿ ಹಾರಿಸದೆ ಓಡುವುದಕ್ಕಾಗಿ ಹೆಸರಾಗಿದ್ದವು. ರಾಯ್ಸನಿಗೆ ಊಟ ನಿದ್ರೆಗಳ ಪರಿವೆಯೇ ಇರಲಿಲ್ಲ. ಅವನು ಏನನ್ನಾದರೂ ಕುಡಿಯಲಿ ಎಂದು ಹಾಲಿನ ಲೋಟ ಹಿಡಿದ ಹುಡುಗನೊಬ್ಬನನ್ನು ಅವನ ಬೆನ್ನ ಹಿಂದೆ ಕಾರ್ಖಾನೆಯಲ್ಲಿ ತಿರುಗಲು ಬಿಡುತ್ತಿದ್ದರೆಂದು ಹೇಳುವರು. ಇದನ್ನು ಕೇಳಲು ವಿನೋದವಾಗಿದ್ದರೂ ಅದರ ಫಲ ವಿನೋದವಾಗಿರಲಿಲ್ಲ. ಶತಮಾನ ಮುಗಿಯುವ ಹೊತ್ತಿಗೆ ಜರ್ಮನಿ ಮತ್ತು ಅಮೆರಿಕಗಳ ಅಗ್ಗದ ಯಂತ್ರಗಳ ಪೈಪೋಟಿಯಿಂದ ವ್ಯಾಪಾರ ಕುಗ್ಗಿತು. ಅದರೊಡನೆಯೇ ರಾಯ್ಸನ ಆರೋಗ್ಯವೂ ಕುಸಿಯಿತು. 1902ರಲ್ಲಿ ವೈದ್ಯರ ಹಾಗೂ ಸ್ನೇಹಿತರ ಒತ್ತಾಯಕ್ಕೆ ಮಣಿದು ಅವನು ಕೆಲವು ವಾರ ದಕ್ಷಿಣ ಆಫ್ರಿಕಕ್ಕೆ ಹೋಗಿ ವಿಶ್ರಮಿಸಿಕೊಂಡು ಬಂದನು.

ಆ ಸುಮಾರಿನಲ್ಲಿಯೇ ಅವನು ಫ್ರಾನ್ಸಿನಲ್ಲಿ ತಯಾರಾದ ಡೆಕೋವಿಲ್ ಎಂಬ ಎರಡು ಸಿಲಿಂಡರಿನ ಮೋಟಾರು ಗಾಡಿಯೊಂದನ್ನು ಕೊಂಡನು. ಅದು ಮತ್ತೊಬ್ಬರು ಬಳಸಿದ್ದ ಗಾಡಿ. ರೈಲಿನಲ್ಲಿ ಬಂದಿಳಿದ ಅದು ಮೊದಲ ದಿನವೇ ಹಟ ಹಿಡಿದು ನಿಂತಿತೆಂದೂ, ಕೆಲಸಗಾರರು ಅದನ್ನು ಕುಕ್ ಬೀದಿಯವರೆಗೆ ತಳ್ಳಿಕೊಂಡು ಬಂದರೆಂದೂ ಪ್ರತೀತಿಯಿದೆ. ಓಡಿದಾಗಲೂ ಅದು ನೆಮ್ಮದಿ ಕೊಡಲಿಲ್ಲ. ಎಂಜಿನ್ನು ಕಾದು ಹೋಗುತ್ತಿತ್ತು. ಕಿಡಿ ಹೊತ್ತಿಸುವ ವ್ಯವಸ್ಥೆ ಆಗಾಗ ಕೈಕೊಡುತ್ತಿತ್ತು. ಇಡೀ ಗಾಡಿ ನಡುಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಅದರ ಸದ್ದು ಅಸಹನೀಯವಾಗಿತ್ತು. ಆ ಕಾಲದ ಮಟ್ಟಕ್ಕೆ ಡೆಕೋವಿಲ್ ಕೆಟ್ಟ ಗಾಡಿಯೇನಲ್ಲ. ಮೋಟಾರು ಎಂದ ಮೇಲೆ ಸದ್ದು ಇದ್ದದ್ದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ರಾಯ್ಸನು ಒಪ್ಪಲಿಲ್ಲ.

ಅವನ ವಿಚಾರಸರಣಿ ಸರಳವಾಗಿತ್ತು. ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯು ಚಕ್ರವನ್ನು ತಿರುಗಿಸಬೇಕು. ಅದರಲ್ಲಿ ಒಂದಂಶವು ಬಡಿತವಾಗಿ, ನಡುಕವಾಗಿ ಹೊರಬೀಳುತ್ತಿದ್ದರೆ ಎಲ್ಲಿಯೋ ಲೋಹವು ಲೋಹವನ್ನು ಹೊಡೆಯುತ್ತಿದೆ ಎಂದೇ ಅರ್ಥ. ಹಾಗೆ ಹೊಡೆಸಿಕೊಳ್ಳುವ ಭಾಗವು ಸವೆಯುತ್ತದೆ. ಸವೆದದ್ದು ಒಂದು ದಿನ ಮುರಿಯುತ್ತದೆ. ಆದುದರಿಂದ ಸದ್ದನ್ನು ಮುಚ್ಚುವುದಲ್ಲ, ಅದು ಹುಟ್ಟುವ ಸ್ಥಳವನ್ನು ತಲುಪುವುದೇ ಕೆಲಸ. ಅವನು ಡೆಕೋವಿಲ್ ಗಾಡಿಯನ್ನು ಪೂರ್ತಿಯಾಗಿ ಬಿಚ್ಚಿ, ಭಾಗಭಾಗವಾಗಿ ಪರೀಕ್ಷಿಸಿ, ದೋಷಗಳನ್ನು ಗುರುತಿಸತೊಡಗಿದನು.

ಈ ಬಗೆಯ ಪರೀಕ್ಷೆಗೆ ಒಂದು ಕ್ರಮವುಂಟು. ಗಾಡಿಯನ್ನು ನಿಲ್ಲಿಸಿ ಎಂಜಿನ್ನನ್ನು ಮಾತ್ರ ಓಡಿಸಿದಾಗಲೂ ಸದ್ದು ಕೇಳಿಸುತ್ತಿದ್ದರೆ ದೋಷವು ಎಂಜಿನ್ನಿನಲ್ಲಿದೆ. ಗಾಡಿ ಚಲಿಸುವಾಗ ಮಾತ್ರ ಕೇಳಿಸಿ, ಚಕ್ರಗಳ ವೇಗದೊಡನೆ ಏರಿಳಿದರೆ ದೋಷವು ಚಕ್ರದಲ್ಲಿಯೋ ಅಚ್ಚಿನಲ್ಲಿಯೋ ಇರಬೇಕು. ಒಂದು ಗಿಯರಿನಲ್ಲಿ ಕೇಳಿಸಿ ಮತ್ತೊಂದರಲ್ಲಿ ಅಡಗಿದರೆ ಹಲ್ಲುಚಕ್ರಗಳನ್ನು ನೋಡಬೇಕು. ಕಬ್ಬಿಣದ ಸರಳಿನ ಒಂದು ತುದಿಯನ್ನು ಯಂತ್ರದ ಮೈಗೆ ತಾಗಿಸಿ ಮತ್ತೊಂದು ತುದಿಗೆ ಕಿವಿಗೊಟ್ಟರೆ, ಆ ಸ್ಥಳದ ಸದ್ದು ಉಳಿದವುಗಳಿಂದ ಬೇರೆಯಾಗಿ ಕೇಳುತ್ತದೆ. ವೈದ್ಯನು ಎದೆಯ ಬಡಿತವನ್ನು ಕೇಳುವ ಹಾಗೆಯೇ ಇದು. ಇನ್ನೂ ಒಂದು ತೊಡಕುಂಟು. ಬಿಚ್ಚಿ ಮತ್ತೆ ಜೋಡಿಸಿದ ಯಂತ್ರದಲ್ಲಿ ಮೊದಲಿಲ್ಲದ ಸದ್ದು ಹುಟ್ಟುವುದು ಅಪರೂಪವಲ್ಲ. ಬೋಲ್ಟಿನ ಬಿಗಿ ಸಾಲದಿರಬಹುದು. ಬೇರಿಂಗು ಕೂದಲೆಳೆಯಷ್ಟು ಓರೆಯಾಗಿ ಕುಳಿತಿರಬಹುದು. ಹಲ್ಲುಚಕ್ರವು ತನ್ನ ಹಳೆಯ ಜೊತೆಯ ಹಲ್ಲನ್ನು ಬಿಟ್ಟು ಬೇರೊಂದಕ್ಕೆ ಕೂಡಿಕೊಂಡಿರಬಹುದು. ಹೊಗೆಕೊಳವೆಯ ಸಂದಿನಲ್ಲಿ ಅನಿಲ ಸೋರುತ್ತಿರಬಹುದು. ಆಗ ಅನುಭವಿಯು ದೂರದ ಕಾರಣಗಳನ್ನು ಊಹಿಸುತ್ತ ಕೂರುವುದಿಲ್ಲ. ಕಡೆಯದಾಗಿ ಕೈಯಾಡಿದ ಸ್ಥಳವನ್ನೇ ಮೊದಲು ನೋಡುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ, ಕೇಳಿ, ಅನಂತರ ಮುಂದಿನದಕ್ಕೆ ಹೋಗುತ್ತಾನೆ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತೆಂಬುದು ತಿಳಿಯುವುದಿಲ್ಲ. ಇದಕ್ಕೆ ಬುದ್ಧಿಗಿಂತ ತಾಳ್ಮೆ ಹೆಚ್ಚು ಬೇಕು. ರಾಯ್ಸನಲ್ಲಿ ಮನುಷ್ಯರ ವಿಷಯದಲ್ಲಿ ತಾಳ್ಮೆ ಕಡಿಮೆ, ಒರಟು ಕೆಲಸ ಕಂಡರೆ ಸಿಡಿದೇಳುತ್ತಿದ್ದನು. ಯಂತ್ರಗಳ ವಿಷಯದಲ್ಲಿ ಮಾತ್ರ ಅದು ಅಪಾರವಾಗಿತ್ತು.

ಡೆಕೋವಿಲ್ ಗಾಡಿಯನ್ನು ದುರಸ್ತಿ ಮಾಡುವುದಕ್ಕಿಂತ ಹೊಸದೊಂದನ್ನು ಕಟ್ಟುವುದೇ ಮೇಲೆಂದು ಅವನು ನಿಶ್ಚಯಿಸಿದನು. ಕ್ರೇನಿನ ವ್ಯಾಪಾರವೇ ಸೊರಗಿದ್ದಾಗ ಒಡೆಯನು ಮೋಟಾರಿನ ಹಿಂದೆ ಬಿದ್ದುದು ಕ್ಲೇರ್‌ಮಾಂಟನಿಗೆ ಹಿತವೆನಿಸಲಿಲ್ಲ. ಆದರೂ ರಾಯ್ಸನು ಕೆಲಸ ಕಲಿಯುತ್ತಿದ್ದ ಇಬ್ಬರು ತರುಣರನ್ನು ಜೊತೆಗಿಟ್ಟುಕೊಂಡು ಮೂರು ಗಾಡಿಗಳನ್ನು ಕಟ್ಟಲು ಕೈಹಾಕಿದನು. 1903ರ ಸೆಪ್ಟೆಂಬರಿನಲ್ಲಿ ಮೊದಲ ಎಂಜಿನ್ನು ಓಡಿತು. ಅದರಲ್ಲಿ ಹೊಚ್ಚಹೊಸ ತತ್ತ್ವವೇನೂ ಇರಲಿಲ್ಲ. ಎರಡು ಸಿಲಿಂಡರಿನ ಹಳೆಯ ವಿನ್ಯಾಸವೇ. ಆದರೆ ಪ್ರತಿಯೊಂದು ಭಾಗವೂ ನಿಖರವಾಗಿತ್ತು. ತಿರುಗುವ ಭಾಗಗಳು ಸರಿತೂಗಿದ್ದವು. ಕಿಡಿಯ ವ್ಯವಸ್ಥೆಯೂ ಕಾರ್ಬುರೇಟರೂ ಸುಧಾರಿಸಿದ್ದವು. ಹೊಗೆಯ ಆರ್ಭಟವನ್ನು ತಗ್ಗಿಸಲು ದೊಡ್ಡದೊಂದು ಸೈಲೆನ್ಸರು ಇತ್ತು. ಮುಂದೆ ಅವನ ಕಾರ್ಖಾನೆಯಲ್ಲಿ ಗಾಡಿಯ ಚೌಕಟ್ಟನ್ನು ಸಹ ರಿವೆಟ್ಟುಗಳಿಂದ ಜೋಡಿಸದೆ, ಕೈಯಿಂದ ಅಳತೆಗೆ ಸರಿಯಾಗಿ ತೀಡಿದ ರಂಧ್ರಗಳಲ್ಲಿ ಮೊನಚಿಳಿದ ಬೋಲ್ಟುಗಳನ್ನು ಕೂರಿಸಿ ಬಿಗಿಯುವ ಪದ್ಧತಿ ಬಂದಿತು. ರಿವೆಟ್ಟು ದಿನ ಕಳೆದಂತೆ ಸಡಿಲಿ ಕಿರುಗುಟ್ಟುತ್ತದೆ. ಅಂಥ ಬೋಲ್ಟು ಜಗ್ಗದು.

1904ನೆಯ ಇಸವಿ ಏಪ್ರಿಲ್ 1ರಂದು ಮೊದಲ ಗಾಡಿಯು ಕುಕ್ ಬೀದಿಯಿಂದ ಹೊರಬಿದ್ದಿತು. ಕೆಲಸಗಾರರೆಲ್ಲ ಸುತ್ತಿಗೆಗಳಿಂದ ಅಡಿಗಲ್ಲು, ಬೆಂಚುಗಳನ್ನು ಬಡಿದು ಗದ್ದಲವೆಬ್ಬಿಸಿ ಸಂಭ್ರಮಿಸಿದರು. ಆ ಗದ್ದಲದ ನಡುವೆ ರಾಯ್ಸನು ಗಾಡಿಯೇರಿ, ಸುಮಾರು 24 ಕಿಲೋಮೀಟರು ದೂರದ ನಟ್ಸ್‌ಫರ್ಡಿನಲ್ಲಿದ್ದ ತನ್ನ ಮನೆಗೆ ಯಾವ ತೊಂದರೆಯೂ ಇಲ್ಲದೆ ತಲುಪಿದನು.

ಈ ಗಾಡಿಯ ಸುದ್ದಿ ಲಂಡನ್ನಿನ ಚಾರ್ಲ್ಸ್ ರೋಲ್ಸನ ಕಿವಿಗೆ ಬಿದ್ದಿತು. ಅವನು ಶ್ರೀಮಂತ ಪ್ರಭುವಿನ ಮಗ, ಕೇಂಬ್ರಿಜ್ಜಿನಲ್ಲಿ ಓದಿದವನು, ರಾಯ್ಸನಿಗಿಂತ ಹದಿನಾಲ್ಕು ವರ್ಷ ಕಿರಿಯನು. ಹೊರದೇಶದ ಮೋಟಾರುಗಳನ್ನು ತರಿಸಿ ಮಾರುತ್ತಿದ್ದನು. ಎರಡು ಸಿಲಿಂಡರಿನ ಎಂಜಿನ್ನೆಂದರೆ ನಡುಕ ತಪ್ಪದೆಂದು ನಂಬಿದ್ದವನು. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್ಲೆಂಡ್ ಹೋಟೆಲಿನಲ್ಲಿ ಅವರಿಬ್ಬರ ಭೇಟಿಯಾಯಿತು. ರಾಯ್ಸನ ಗಾಡಿಯಲ್ಲಿ ಕುಳಿತು ಬಂದ ಮೇಲೆ ರೋಲ್ಸನ ನಂಬಿಕೆ ಅಳಿಯಿತು. ರಾಯ್ಸನು ಕಟ್ಟಿದ ಗಾಡಿಗಳನ್ನೆಲ್ಲ ಇಬ್ಬರ ಹೆಸರಿನಲ್ಲಿ ತಾನೇ ಮಾರುವುದಾಗಿ ಅವನು ಒಪ್ಪಿಕೊಂಡನು. ಅದೇ ಡಿಸೆಂಬರಿನಲ್ಲಿ ಕರಾರಾಯಿತು. 1906ರ ಮಾರ್ಚಿಯಲ್ಲಿ ರೋಲ್ಸ್-ರಾಯ್ಸ್ ಸಂಸ್ಥೆ ಸ್ಥಾಪನೆಯಾಯಿತು.

ನಿಜವಾದ ಪರೀಕ್ಷೆ ಎದುರಾದದ್ದು ಆಗ. ಆರು ಸಿಲಿಂಡರಿನ, 30 ಅಶ್ವಶಕ್ತಿಯ ಗಾಡಿಯನ್ನು ರಾಯ್ಸನು ಕಟ್ಟಿದ್ದನು. ಆರು ಸಿಲಿಂಡರುಗಳಿದ್ದರೆ ಓಟ ಹೆಚ್ಚು ನಯವಾಗಬೇಕು. ಆದರೆ ಒಂದು ನಿರ್ದಿಷ್ಟ ವೇಗದಲ್ಲಿ ಎಂಜಿನ್ನಿನ ಒಳಗಿನಿಂದ ಕೆಟ್ಟ ಬಡಿತವೂ ನಡುಕವೂ ಹುಟ್ಟುತ್ತಿದ್ದವು. ಕೆಲವು ಗಾಡಿಗಳಲ್ಲಿ ಕ್ರ್ಯಾಂಕ್ ಷಾಫ್ಟೇ ಮುರಿಯಿತು. ಇದು ರಾಯ್ಸನೊಬ್ಬನ ಕಷ್ಟವಾಗಿರಲಿಲ್ಲ. ಆರು ಸಿಲಿಂಡರಿನ ಎಂಜಿನ್ನು ಕಟ್ಟಿದ ಇತರರಿಗೂ ಇದೇ ಗತಿ. ಆ ಸದ್ದು ಎಂಜಿನ್ನಿನ ಬಲದ ಗುರುತೆಂದು ಗಿರಾಕಿಗಳಿಗೆ ಸಮಜಾಯಿಷಿ ಹೇಳಿದ ಮಾರಾಟಗಾರರೂ ಆಗ ಇದ್ದರು! ಹೊಸ ಸಂಸ್ಥೆಗೆ ಇದು ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ನಿಶ್ಶಬ್ದಕ್ಕೆ ಹೆಸರಾದ ಗಾಡಿಯ ಮುಖ್ಯ ದಂಡವೇ ಮುರಿಯತೊಡಗಿದರೆ ಕೊಳ್ಳುವವರು ಯಾರು?

ಸದ್ದಿನ ಸ್ವಭಾವವೇ ಅದರ ಮೂಲಕ್ಕೆ ದಾರಿ ತೋರಿತು. ಸಡಿಲವಾದ ಭಾಗವೊಂದು ಬಡಿಯುತ್ತಿದ್ದರೆ ವೇಗ ಹೆಚ್ಚಿದಂತೆ ಬಡಿತವೂ ಹೆಚ್ಚುತ್ತ ಹೋಗಬೇಕು. ಇದು ಹಾಗಲ್ಲ, ಒಂದು ವೇಗದಲ್ಲಿ ಕಾಣಿಸಿಕೊಂಡು, ಅದನ್ನು ದಾಟಿದೊಡನೆ ಮರೆಯಾಗುತ್ತಿತ್ತು. ಒದ್ದೆ ಬಟ್ಟೆಯನ್ನು ಹಿಂಡುವಾಗ ಅದು ತಿರುಚಿಕೊಳ್ಳುವಂತೆ, ಪ್ರತಿಯೊಂದು ಸಿಲಿಂಡರಿನ ಸ್ಫೋಟಕ್ಕೂ ಉದ್ದವಾದ ಉಕ್ಕಿನ ದಂಡವು ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಮರಳಿ ಬಿಡಿಸಿಕೊಳ್ಳುತ್ತದೆ. ಹೀಗೆ ತಿರುಚಿ ಬಿಡಿಸಿಕೊಳ್ಳುವುದಕ್ಕೆ ದಂಡಕ್ಕೆ ತನ್ನದೇ ಆದ ಲಯವೊಂದಿದೆ. ಉಯ್ಯಾಲೆಯು ಹಿಂದೆ ಬಂದ ಕ್ಷಣಕ್ಕೆ ಸರಿಯಾಗಿ ನೂಕಿದರೆ ಅದು ಮೇಲೆ ಮೇಲೆ ಏರುವುದಷ್ಟೆ? ಅದೇ ರೀತಿ ಸ್ಫೋಟಗಳ ಲಯವು ದಂಡದ ಲಯಕ್ಕೆ ಕೂಡಿಬಂದಾಗ ತಿರುಚುವಿಕೆ ಬೆಳೆಯುತ್ತ ಹೋಗಿ, ಗಟ್ಟಿ ಉಕ್ಕೂ ಮುರಿಯುತ್ತದೆ. ದೋಷವು ಕೆಲಸಗಾರನ ಕೈಯಲ್ಲಿರಲಿಲ್ಲ, ಲೋಹದಲ್ಲಿಯೂ ಇರಲಿಲ್ಲ, ವಿನ್ಯಾಸದಲ್ಲಿತ್ತು.

ಮುಂದಿನ 40/50 ಅಶ್ವಶಕ್ತಿಯ ಗಾಡಿಯಲ್ಲಿ ರಾಯ್ಸನು ಸಿಲಿಂಡರುಗಳನ್ನು ಮೂರು ಮೂರರ ಎರಡು ಗುಂಪುಗಳನ್ನಾಗಿ ಎರಕಹೊಯ್ಸಿ, ದಂಡವನ್ನು ದಪ್ಪಗೊಳಿಸಿ, ಏಳು ಬೇರಿಂಗುಗಳ ಆಧಾರ ಕೊಟ್ಟು, ಒತ್ತಡದಿಂದ ಎಣ್ಣೆ ಹರಿಯುವಂತೆ ಮಾಡಿದನು. ದಂಡದ ಮುಂದಿನ ತುದಿಯಲ್ಲಿ ಘರ್ಷಣೆಯಿಂದ ಜಾರುವ ಚಿಕ್ಕ ಚಕ್ರವೊಂದನ್ನಿಟ್ಟು ತಿರುಚುವಿಕೆಯ ಹುಮ್ಮಸ್ಸನ್ನು ಹೀರಿಕೊಳ್ಳುವ ಉಪಾಯವೂ ಅವನ ಎಂಜಿನ್ನುಗಳಿಗೆ ಬಂದಿತು. ಇಂಥದೇ ಸಾಧನಕ್ಕೆ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮತ್ತೊಬ್ಬ ಆಂಗ್ಲ ಯಂತ್ರಶಿಲ್ಪಿ 1910ರಲ್ಲಿ ಹಕ್ಕುಪತ್ರ ಪಡೆದನು. ಕೀರ್ತಿಯನ್ನು ಇಬ್ಬರಿಗೂ ಹಂಚುವುದೇ ನ್ಯಾಯ.

ಹೊಸ ಗಾಡಿಗಳಲ್ಲಿ ಒಂದಕ್ಕೆ ಬೆಳ್ಳಿಯ ಬಣ್ಣ ಬಳಿದು ಸಿಲ್ವರ್ ಗೋಸ್ಟ್, ಎಂದರೆ ಬೆಳ್ಳಿಯ ಭೂತ, ಎಂದು ಹೆಸರಿಟ್ಟರು. ಭೂತದಂತೆಯೇ ಅದು ಸದ್ದಿಲ್ಲದೆ ಬರುತ್ತಿತ್ತು. 1907ರಲ್ಲಿ ಅದನ್ನು ರಾಯಲ್ ಆಟೋಮೊಬೈಲ್ ಕ್ಲಬ್ಬಿನವರ ಕಣ್ಣೆದುರಿಗೆ 15,000 ಮೈಲಿ, ಎಂದರೆ ಸುಮಾರು 24,000 ಕಿಲೋಮೀಟರು, ಓಡಿಸಿದರು. ಭಾನುವಾರ ಬಿಟ್ಟು ಹಗಲಿರುಳು ಲಂಡನ್ನಿಗೂ ಗ್ಲ್ಯಾಸ್ಗೋವಿಗೂ ನಡುವೆ ಓಟ. 629ನೆಯ ಮೈಲಿಯಲ್ಲಿ, ಅಲುಗಾಟದಿಂದ ಪೆಟ್ರೋಲಿನ ನಲ್ಲಿಯೊಂದು ತಾನೇ ಮುಚ್ಚಿಕೊಂಡು ಎಂಜಿನ್ನು ಒಮ್ಮೆ ನಿಂತಿತು. ಆ ಬಳಿಕದ 14,371 ಮೈಲಿಗಳಲ್ಲಿ ಯಂತ್ರದೋಷದಿಂದ ಅದು ನಿಲ್ಲಲೇ ಇಲ್ಲ. ಅನಂತರ ನಡೆದದ್ದು ಇನ್ನೂ ಕಠಿಣವಾದ ಪರೀಕ್ಷೆ. ಗಾಡಿಯನ್ನು ಬಿಚ್ಚಿ ಒಂದೊಂದು ಭಾಗದ ಸವೆತವನ್ನೂ ಅಳೆದರು. ಎಲ್ಲವನ್ನೂ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ ಕೇವಲ 2 ಪೌಂಡು, 2 ಷಿಲಿಂಗು, 7 ಪೆನ್ಸ್ ಎಂದು ತಿಳಿಯಿತು. ಮರುವರ್ಷ ಇದೇ ಮಾದರಿಯ ಗಾಡಿಯೊಂದು ನಮ್ಮ ದೇಶದಲ್ಲಿಯೂ ಮುಂಬಯಿಯಿಂದ ಕೊಲ್ಲಾಪುರಕ್ಕೆ ಸಹ್ಯಾದ್ರಿಯ ಘಟ್ಟಗಳನ್ನೇರಿ ಓಡಿ ತೋರಿಸಿತು. 1908ರ ಜುಲೈಯಲ್ಲಿ ಡರ್ಬಿ ನಗರದಲ್ಲಿ ದೊಡ್ಡ ಕಾರ್ಖಾನೆ ಆರಂಭವಾಯಿತು.

ಸುಖದ ಕಾಲ ಬಹಳ ದಿನ ಉಳಿಯಲಿಲ್ಲ. 1910ರ ಜುಲೈ 12ರಂದು ರೋಲ್ಸನು ವಿಮಾನಾಪಘಾತದಲ್ಲಿ ಮಡಿದನು. ಯಂತ್ರದ ಸಣ್ಣ ಅಪಸ್ವರಕ್ಕೂ ಕಿವಿಗೊಡುತ್ತಿದ್ದ ರಾಯ್ಸನು ತನ್ನ ದೇಹವು ವರ್ಷಗಟ್ಟಲೆ ಕೊಟ್ಟ ಎಚ್ಚರಿಕೆಗೆ ಮಾತ್ರ ಕಿವುಡನಾಗಿದ್ದನು. 1911ರಲ್ಲಿ ಅವನು ಹಾಸಿಗೆ ಹಿಡಿದನು. ಮರುವರ್ಷ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಹೆಚ್ಚು ಕಾಲ ಬದುಕಲಾರನೆಂದು ವೈದ್ಯರು ಭಾವಿಸಿದರು. ಸಂಸ್ಥೆಯ ಆಡಳಿತ ನೋಡುತ್ತಿದ್ದ ಕ್ಲಾಡ್ ಜಾನ್ಸನನು ಅವನನ್ನು ಕಾರ್ಖಾನೆಯ ಹೊಗೆಯಿಂದ ದೂರವಿಟ್ಟನು. ಮುಂದಿನ ವರ್ಷಗಳಲ್ಲಿ ಅವನು ಚಳಿಗಾಲವನ್ನು ಫ್ರಾನ್ಸಿನ ದಕ್ಷಿಣ ತೀರದಲ್ಲಿಯೂ ಉಳಿದ ಕಾಲವನ್ನು ಇಂಗ್ಲೆಂಡಿನ ಕಡಲಂಚಿನ ಮನೆಗಳಲ್ಲಿಯೂ ಕಳೆದನು. 1917ರಿಂದ ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯೇ ಅವನ ನೆಲೆಯಾಯಿತು. ನಕ್ಷೆ ಬರೆಯುವವರು ಅವನ ಬಳಿಯಲ್ಲೇ ಇದ್ದು ಕೆಲಸ ಮಾಡುತ್ತಿದ್ದರು. ಪ್ರಯೋಗದ ಗಾಡಿಗಳನ್ನು ಡರ್ಬಿಯಿಂದ ಅಷ್ಟು ದೂರ ಓಡಿಸಿಕೊಂಡು ಅವನ ಬಳಿಗೆ ತರುತ್ತಿದ್ದರು. ಅವನು ಕುಳಿತು, ಕೇಳಿ, ಪುಟಗಟ್ಟಲೆ ಟಿಪ್ಪಣಿ ಕಳುಹಿಸುತ್ತಿದ್ದನು. ಆ ಟಿಪ್ಪಣಿಗಳಲ್ಲಿ ಕೆಲವನ್ನು ಸಂಸ್ಥೆಯವರು ಪುಸ್ತಕವಾಗಿ ಅಚ್ಚುಹಾಕಿಸಿ ತಮ್ಮ ಎಂಜಿನಿಯರುಗಳಿಗೆ ಕೊಟ್ಟರು.

ಒಂದನೆಯ ಮಹಾಯುದ್ಧದ ಕಾಲದಲ್ಲಿ ಹೀಗೆ ದೂರದಲ್ಲಿದ್ದುಕೊಂಡೇ ಅವನು ಈಗಲ್ ಎಂಬ ವಿಮಾನದ ಎಂಜಿನ್ನನ್ನು ರೂಪಿಸಿದನು. 1919ರ ಜೂನಿನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ವೈಮಾನಿಕರು ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ಸಾಗರವನ್ನು ಮೊದಲ ಬಾರಿಗೆ ದಾಟಿದ ವಿಮಾನದಲ್ಲಿ ಇದ್ದುದು ಎರಡು ಈಗಲ್ ಎಂಜಿನ್ನುಗಳೇ.

ಅವನ ಕೊನೆಯ ದೊಡ್ಡ ಕೆಲಸವು ವಿಮಾನಗಳ ವೇಗದ ಸ್ಪರ್ಧೆಗಾಗಿ ಮಾಡಿದ ಆರ್ ಎಂಬ ಎಂಜಿನ್ನು. ವೆಸ್ಟ್ ವಿಟರಿಂಗಿನ ಕಡಲತೀರದ ಮರಳಿನ ಮೇಲೆ ತನ್ನ ಊರುಗೋಲಿನಿಂದ ಅದರ ಮೊದಲ ರೇಖೆಗಳನ್ನು ಎಳೆದು ಸಹಾಯಕರಿಗೆ ವಿವರಿಸಿದನೆಂದು ಹೇಳುತ್ತಾರೆ. ನಿಶ್ಶಬ್ದಕ್ಕಾಗಿ ಜೀವ ತೇಯ್ದವನ ಈ ಎಂಜಿನ್ನು ಡರ್ಬಿಯ ಊರೇ ಅದುರುವಂತೆ ಗರ್ಜಿಸುತ್ತಿತ್ತು. ಆದರೆ ಅದನ್ನು ಬೆಳೆಸಿದ ರೀತಿ ಹಳೆಯದೇ. ಮುರಿಯುವವರೆಗೆ ಓಡಿಸುವುದು, ಬಿಚ್ಚುವುದು, ಮುರಿದ ಭಾಗವನ್ನು ಕಂಡು ಬಲಪಡಿಸುವುದು, ಜೋಡಿಸಿ ಮತ್ತೆ ಓಡಿಸುವುದು. ಅನೇಕ ಸೋಲುಗಳ ಬಳಿಕ 1931ರ ಆಗಸ್ಟಿನಲ್ಲಿ ಅದು 2,350 ಅಶ್ವಶಕ್ತಿಯಲ್ಲಿ ಒಂದು ಗಂಟೆ ಎಡೆಬಿಡದೆ ಓಡಿತು. ಅದೇ ಸೆಪ್ಟೆಂಬರಿನಲ್ಲಿ ಆ ಎಂಜಿನ್ನನ್ನು ಹೊತ್ತ ವಿಮಾನವು ಗಂಟೆಗೆ 400 ಮೈಲಿಗಳ ಗೆರೆಯನ್ನು ದಾಟಿ ಜಗತ್ತಿನ ವೇಗದ ದಾಖಲೆಯನ್ನು ಸ್ಥಾಪಿಸಿತು. ಇದಕ್ಕೆ ಒಂದು ವರ್ಷ ಮೊದಲೇ, 1930ರಲ್ಲಿ, ರಾಯ್ಸನಿಗೆ ಬ್ಯಾರೊನೆಟ್ ಪದವಿ ದೊರೆತಿತ್ತು.

1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗಿನ ಮನೆಯಲ್ಲಿ ರಾಯ್ಸನು ನಿಧನನಾದನು. ಅವನ ಚಿತಾಭಸ್ಮವನ್ನು ಮೊದಲು ಡರ್ಬಿಯ ಕಾರ್ಖಾನೆಯ ಬಳಿ, ಅವನು ಬದುಕಿದ್ದಾಗಲೇ ನಿಲ್ಲಿಸಿದ್ದ ಅವನ ಪ್ರತಿಮೆಯ ಕೆಳಗೆ ಇಟ್ಟಿದ್ದರು. 1937ರಲ್ಲಿ ಅದನ್ನು ಆಲ್ವಾಲ್ಟನ್ ಹಳ್ಳಿಯ ಚರ್ಚಿಗೆ ತಂದರು.